ನಾಲ್ಕು ಜನ, ಆರು ಕೆಲಸ, ಒಂದು ಹಂಗಾಮು: ಐಟಿ ಯೋಜನೆಗಳನ್ನು ದಡ ಮುಟ್ಟಿಸುವ ಲೆಕ್ಕ

[ದೃಶ್ಯ: ಕಾರ್ಖಾನೆಯ ಗೇಟಿನ ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಾಲಾಗಿ ನಿಂತ ಕಬ್ಬಿನ ಟ್ರ್ಯಾಕ್ಟರ್‌ಗಳು]

ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಮುಧೋಳ, ಜಮಖಂಡಿ ಭಾಗದಲ್ಲಿ ಒಂದು ಸಕ್ಕರೆ ಕಾರ್ಖಾನೆ ಇದೆ ಎಂದು ಭಾವಿಸಿಕೊಳ್ಳಿ. ಇದು ನಿಜವಾದ ಯಾವುದೇ ಕಾರ್ಖಾನೆಯಲ್ಲ. ಲೆಕ್ಕ ಬಿಡಿಸುವುದಕ್ಕಾಗಿ ನಾವೇ ಕಟ್ಟಿಕೊಂಡದ್ದು. ಮೇ ಕೊನೆಯಲ್ಲಿ ಅದರ ಆಡಳಿತ ಮಂಡಳಿ ಸಭೆ ಸೇರಿ, ತೂಕದ ಕಾಟಾವನ್ನು ಕಂಪ್ಯೂಟರಿಗೆ ಜೋಡಿಸುವುದು, ರೈತರ ಬಿಲ್ ಪಾವತಿ, ಕಟಾವಿನ ಸರದಿ, ಉಗ್ರಾಣದ ಲೆಕ್ಕ, ನೌಕರರ ಹಾಜರಾತಿ, ರೈತರಿಗೊಂದು ಮೊಬೈಲ್ ಆ್ಯಪ್ ಎಂಬ ಆರು ಕೆಲಸಗಳಿಗೆ ಒಂದೇ ದಿನ ಒಪ್ಪಿಗೆ ಕೊಡುತ್ತದೆ. ಆರಕ್ಕೂ ಗಡುವು ಒಂದೇ, ಅಕ್ಟೋಬರ್ 31. ಐಟಿ ವಿಭಾಗದಲ್ಲಿ ಇರುವವರು ನಾಲ್ವರು.

ಈ ಆರರಲ್ಲಿ ಪ್ರತಿಯೊಂದೂ ಒಂದು ಪ್ರಾಜೆಕ್ಟ್. ಒಂದೇ ಹಣದ ಚೀಲಕ್ಕೆ ಮತ್ತು ಅದೇ ನಾಲ್ವರ ದುಡಿಮೆಗೆ ಕೈ ಚಾಚಿ ನಿಂತಿರುವ ಆರರ ಒಟ್ಟು ಗುಂಪು ಪೋರ್ಟ್‌ಫೋಲಿಯೊ. ಪ್ರಾಜೆಕ್ಟಿಗೆ ಒಬ್ಬ ಮುಖ್ಯಸ್ಥನನ್ನು ನೇಮಿಸುವುದು ಎಲ್ಲ ಕಡೆಯೂ ನಡೆಯುತ್ತದೆ. ಗುಂಪನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದರೆ ಸಭೆಯಲ್ಲಿ ಮೌನ ಆವರಿಸುತ್ತದೆ.

[ಪರದೆಯ ಮೇಲೆ: ಜೂನ್‌ನಿಂದ ನವೆಂಬರ್‌ವರೆಗಿನ ಆರು ಮನೆಗಳ ಪಟ್ಟಿ]

ಮೊದಲ ಮೂರು ಕೆಲಸಗಳನ್ನಷ್ಟೇ ತೆಗೆದುಕೊಳ್ಳೋಣ. ನಾಲ್ವರೂ ಒಂದೇ ಕೆಲಸಕ್ಕೆ ಕುಳಿತರೆ ಒಂದೊಂದಕ್ಕೆ ಎರಡು ತಿಂಗಳು ಬೇಕು. ಒಂದಾದ ಮೇಲೊಂದರಂತೆ ಮಾಡಿದರೆ ಜುಲೈ ಕೊನೆಗೆ ಕಾಟಾ, ಸೆಪ್ಟೆಂಬರ್ ಕೊನೆಗೆ ಬಿಲ್ ಪಾವತಿ, ನವೆಂಬರ್ ಕೊನೆಗೆ ಕಟಾವಿನ ಸರದಿ ಮುಗಿಯುತ್ತವೆ. ಮೂರನ್ನೂ ಸಮನಾಗಿ ಒಟ್ಟಿಗೆ ಎಳೆದರೆ ಅಕ್ಟೋಬರ್ 31ರಂದು ಪ್ರತಿಯೊಂದರಲ್ಲೂ ಆರರಲ್ಲಿ ಐದು ಪಾಲು ಮುಗಿದಿರುತ್ತದೆ, ಆದರೆ ಬಳಸಲು ಒಂದೂ ಸಿದ್ಧವಿರುವುದಿಲ್ಲ. ದುಡಿಮೆ ಎರಡರಲ್ಲೂ ಅಷ್ಟೇ. ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವಾಗ ಹಾಳಾಗುವ ಸಮಯವನ್ನು ನಾನು ಇಲ್ಲಿ ಸೇರಿಸಿಯೇ ಇಲ್ಲ.

ಹಾಗಾದರೆ ಯಾವುದು ಮೊದಲು? ಇದಕ್ಕೆ ಉತ್ತರ ತಂತ್ರಜ್ಞಾನದಲ್ಲಿಲ್ಲ, ಕಾನೂನಿನಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರಷ್ಟು ಬಡ್ಡಿ. ಬಿಲ್ ಆಗಬೇಕಾದರೆ ತೂಕ ಬೇಕು. ಆದ್ದರಿಂದ ಕಾಟಾ ಮೊದಲು, ಪಾವತಿ ನಂತರ. ಆ್ಯಪ್ ತೋರಿಸುವುದೂ ಇವೆರಡರ ಅಂಕಿಗಳನ್ನೇ ಆದ್ದರಿಂದ, ಅವಿಲ್ಲದೆ ಆ್ಯಪ್ ಮಾಡಿದರೆ ಅದು ಬರೀ ಖಾಲಿ ಪರದೆ. (ಆದರೂ ಉದ್ಘಾಟನೆಗೆ ಚೆಂದ ಕಾಣುವುದು ಆ್ಯಪೇ ಆಗಿರುವುದರಿಂದ ಎಲ್ಲರಿಗೂ ಅದೇ ಮೊದಲು ಬೇಕಾಗುತ್ತದೆ.)

ಗಡುವಿನ ವಿಷಯಕ್ಕೆ ಬರೋಣ. ಸಿಹಿಯ ವ್ಯಾಪಾರದವರೇ ಆದ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್, 48 ತಿಂಗಳು ಬೇಕೆಂದು ಸಲಹೆಯಿದ್ದ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು 30 ತಿಂಗಳಿಗೆ ಇಳಿಸಿ, 1999ರ ಜುಲೈನಲ್ಲಿ, ಅಂದರೆ ಹ್ಯಾಲೊವೀನ್ ಹಬ್ಬದ ಆರ್ಡರುಗಳು ಹರಿದುಬರುವ ಹೊತ್ತಿಗೆ ಸರಿಯಾಗಿ, ಚಾಲನೆಗೆ ತಂದಿತು. ಗೋದಾಮಿನಲ್ಲಿ ಮಾಲು ಇದ್ದೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರುಗಳನ್ನು ಪೂರೈಸಲಾಗಲಿಲ್ಲ. ಕಬ್ಬಿನ ಹಂಗಾಮಿನ ಮಟ್ಟಿಗೆ ಈ ಮಾತು ಇನ್ನೂ ಕಠಿಣವಾಗಿ ಅನ್ವಯಿಸುತ್ತದೆ, ಏಕೆಂದರೆ ಚಾಕೊಲೇಟ್ ಗೋದಾಮಿನಲ್ಲಿ ಕಾಯಬಲ್ಲದು; ಕಡಿದ ಕಬ್ಬು ಒಣಗಿ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ. ಹೀಗಾಗಿ ಸೆಪ್ಟೆಂಬರ್ ಕೊನೆಗೆ ಸಿದ್ಧವಾಗದ ಯಾವ ತಂತ್ರಾಂಶವನ್ನೂ ಆ ಹಂಗಾಮಿಗೆ ಕಾಟಾದ ಹತ್ತಿರ ಬಿಟ್ಟುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಸಿದ್ಧವಾದದ್ದರ ಪಕ್ಕದಲ್ಲೂ ಕೈಬರಹದ ತೂಕದ ಚೀಟಿಯ ಪುಸ್ತಕ ಇರಲೇಬೇಕು.

[ಪರದೆಯ ಮೇಲೆ: ನಾಲ್ಕು ಚುಕ್ಕಿಗಳ ನಡುವೆ 6 ಗೆರೆಗಳು; ಎಂಟು ಚುಕ್ಕಿಗಳ ನಡುವೆ 28 ಗೆರೆಗಳು]

ತಡವಾಗುತ್ತಿದೆ ಎಂದು ಗೊತ್ತಾದೊಡನೆ ಇನ್ನೂ ನಾಲ್ವರನ್ನು ಸೇರಿಸಿಕೊಳ್ಳೋಣ ಎಂಬ ಮಾತು ಬರುತ್ತದೆ. ಐಬಿಎಂನ ದೊಡ್ಡ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ನಾಲ್ವರ ನಡುವೆ ಮಾತುಕತೆಯ ಎಳೆಗಳು 6. ಎಂಟು ಜನರಾದರೆ 28. ಅದರ ಮೇಲೆ, ಹೊಸಬರಿಗೆ ಕಲಿಸುವ ಕೆಲಸ ಬೀಳುವುದು ಈಗಾಗಲೇ ದಣಿದಿರುವ ಹಳಬರ ಹೆಗಲಿಗೇ.

ಅಂದಾಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಪ್ರೋಗ್ರಾಮಿಂಗ್ ಅಲ್ಲ, ಹಳೆಯ ದಾಖಲೆ. ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಮೂವರು ಇರುತ್ತಾರೆ. ಕಬ್ಬು ವಿಭಾಗದ ಪುಸ್ತಕದಲ್ಲಿ ತಂದೆಯ ಹೆಸರಿದ್ದರೆ ಬ್ಯಾಂಕಿನ ಖಾತೆ ಮಗನ ಹೆಸರಿನಲ್ಲಿರುತ್ತದೆ. ಇದನ್ನು ಸರಿಪಡಿಸುವವರು ಐಟಿ ವಿಭಾಗದವರಲ್ಲ, ಹಳ್ಳಿ ತಿರುಗುವ ಫೀಲ್ಡ್‌ಮನ್. ಆತನ ದಿನಗಳನ್ನು ಯೋಜನೆಯ ಲೆಕ್ಕದಲ್ಲಿ ಸೇರಿಸಿಕೊಳ್ಳದಿದ್ದರೆ ಆ ಲೆಕ್ಕವೇ ಸುಳ್ಳು.

ನಮ್ಮ ರಾಜ್ಯದ ಭೂಮಿ ಯೋಜನೆಯನ್ನು ಇಲ್ಲಿ ನೆನೆಯಬೇಕು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉತಾರಗಳು, ಗ್ರಾಮ ಲೆಕ್ಕಿಗರ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು. ಅಷ್ಟು ದೊಡ್ಡ ಕೆಲಸ ನೆಲೆ ನಿಂತದ್ದಕ್ಕೆ ತಂತ್ರಾಂಶದಷ್ಟೇ ಮುಖ್ಯ ಕಾರಣವಾದದ್ದು ಒಂದು ಆಡಳಿತಾತ್ಮಕ ನಿರ್ಧಾರ: ಗಣಕೀಕೃತ ಪಹಣಿ ಸಿಗತೊಡಗಿದ ಮೇಲೆ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಇಲ್ಲವೆಂದು ಸರಕಾರ ಘೋಷಿಸಿತು. ಹಳೆಯ ದಾರಿ ತೆರೆದೇ ಇದ್ದರೆ ಜನ ಹಳೆಯ ದಾರಿಯಲ್ಲೇ ನಡೆಯುತ್ತಾರೆ. ಕಾಟಾದ ಪಕ್ಕದ ಕೈಬರಹದ ಪುಸ್ತಕ ಯಂತ್ರ ಕೆಟ್ಟ ದಿನಕ್ಕೆ ಮಾತ್ರ ಎಂದು, ಮತ್ತು ಅದನ್ನು ತೆರೆಯಲು ಯಾರ ಸಹಿ ಬೇಕು ಎಂದು ಮೊದಲೇ ಬರೆದಿಡಬೇಕಾದದ್ದು ಈ ಕಾರಣಕ್ಕೆ.

ವರದಿಗಳ ಬಗ್ಗೆ ಒಂದೇ ಮಾತು. ಶೇ 90 ಮುಗಿದಿದೆ ಎಂಬ ವಾಕ್ಯವನ್ನು ಸಭೆಗೆ ಬರಗೊಡಬೇಡಿ. ತುಂಬಿದ ಟ್ರೇಲರನ್ನು ಕಾಟಾದ ಮೇಲೆ ನಿಲ್ಲಿಸಿ, ಚೀಟಿ ಹೊರಬರುವುದನ್ನು ತೋರಿಸಲು ಹೇಳಿ.

ಇನ್ನು ಉಗ್ರಾಣ, ಹಾಜರಾತಿ, ಆ್ಯಪ್ ಈ ಮೂರನ್ನು ತಡೆಹಿಡಿಯುವ ಅಧಿಕಾರ ಒಬ್ಬರ ಕೈಯಲ್ಲಿರಬೇಕು. ಅವು ಈ ವರ್ಷ ಆಗುವುದಿಲ್ಲ ಎಂದು ಸಭೆಯ ನಡಾವಳಿಯಲ್ಲಿ ಬರೆಸಬೇಕು. ಆ್ಯಪಿಗೆ ಈಗಾಗಲೇ ಮುಂಗಡ ಕೊಟ್ಟಾಗಿದೆ ಎಂಬುದು ಮುಂದುವರಿಸಲು ಕಾರಣವಲ್ಲ, ಏಕೆಂದರೆ ಆ ಹಣ ನಿಲ್ಲಿಸಿದರೂ ಹೋಗಿದೆ, ಮುಂದುವರಿಸಿದರೂ ಹೋಗಿದೆ.

[ದೃಶ್ಯ: ನುರಿಸುವಿಕೆ ನಿಂತ ಕಾರ್ಖಾನೆ, ಖಾಲಿ ಅಂಗಳ]

ಹಂಗಾಮು ಮುಗಿದ ಮೇಲೆ ಏಪ್ರಿಲ್‌ನಲ್ಲಿ ಮಂಡಳಿ ಮತ್ತೆ ಸೇರಿದಾಗ ಮೇಜಿನ ಮೇಲಿರಬೇಕಾದ ಮೊದಲ ಹಾಳೆಯಲ್ಲಿ ಎರಡೇ ಅಂಕಿಗಳು ಸಾಕು: 14ನೇ ದಿನ ದಾಟಿದ ಬಿಲ್ಲುಗಳೆಷ್ಟು, ಕೈಬರಹದ ಪುಸ್ತಕ ತೆರೆದದ್ದು ಎಷ್ಟು ದಿನ. ನಾಲ್ಕನೆಯ ಕೆಲಸ ಯಾವುದು ಎಂಬ ಚರ್ಚೆ ಅದರ ನಂತರ.