ಇನ್ಸುಲಿನ್‌ಗೆ ಒಪ್ಪಿಗೆ, ಬದನೆಗೆ ತಕರಾರು: ಕುಲಾಂತರಿಯ ವಿಷಯದಲ್ಲಿ ಜನ ಯಾವ ಲೆಕ್ಕ ಹಾಕುತ್ತಾರೆ?

ನಮಸ್ಕಾರ.

ಈ ಸಂಚಿಕೆಯ ಪ್ರಶ್ನೆ ನನಗೆ ಸಿಕ್ಕಿದ್ದು ಕಟಪಾಡಿಯಲ್ಲಿರುವ ನನ್ನ ಸೋದರತ್ತೆಯ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಅತ್ತೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಎಲೆ ಹಾಕುವ ಮುಂಚೆ ಅವರು ಫ್ರಿಜ್ಜಿನ ಬಾಗಿಲಿನಿಂದ ಇನ್ಸುಲಿನ್ ಪೆನ್ ತೆಗೆದು, ತುದಿಗೆ ಸೂಜಿ ಸಿಕ್ಕಿಸಿ, ಹಿಂದಿನ ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಿ, ಹೊಟ್ಟೆಗೆ ಚುಚ್ಚಿಕೊಂಡು, ಮನಸ್ಸಿನಲ್ಲೇ ಹತ್ತು ಎಣಿಸಿ ಸೂಜಿ ಹೊರತೆಗೆದರು. ಆಮೇಲೆ ಗುಳ್ಳದ, ಅಂದರೆ ಗುಂಡು ಬದನೆಯ, ಹುಳಿ ಬಡಿಸುತ್ತಾ, "ಇದು ಮಟ್ಟುವಿನದ್ದೇ. ಆ ಬಿಟಿ ಬದನೆಯನ್ನೆಲ್ಲ ನಾನು ಹೊಸ್ತಿಲು ದಾಟಿಸುವವಳಲ್ಲ" ಎಂದರು. ನೀವು ಈಗಷ್ಟೇ ಚುಚ್ಚಿಕೊಂಡದ್ದೂ ಕುಲಾಂತರಿ ಜೀವಿಯಿಂದ ಬಂದದ್ದೇ ಅಲ್ಲವೇ ಅತ್ತೆ ಎಂದು ನಾನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅದು ಮದ್ದು ಮಾರಾಯ, ಇದು ಊಟ" ಎಂದರು.

ಈ ಉತ್ತರವನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಅತ್ತೆಯ ಐದು ಪದಗಳಲ್ಲಿ ಒಂದು ನೈತಿಕ ಲೆಕ್ಕಾಚಾರವಿದೆ, ಅದನ್ನು ಬಿಡಿಸಿ ನೋಡುವುದೇ ಇಂದಿನ ಕೆಲಸ.

[ದೃಶ್ಯ: ಇನ್ಸುಲಿನ್ ಪೆನ್ ಮತ್ತು ಮಟ್ಟುಗುಳ್ಳ ಪಕ್ಕಪಕ್ಕದಲ್ಲಿ]

ಮೂಲ ಸಂಗತಿಯನ್ನು ಬೇಗ ಮುಗಿಸುತ್ತೇನೆ. ಒಂದು ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಮತ್ತೊಂದು ಜೀವಿಗೆ ಸೇರಿಸಿದಾಗ ಹುಟ್ಟುವುದು ಕುಲಾಂತರಿ. ಬಿಟಿ ಬದನೆಯಲ್ಲಿರುವುದು ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬ ಬ್ಯಾಕ್ಟೀರಿಯಾದ ವಂಶವಾಹಿ. ಅದರಿಂದ ಗಿಡದಲ್ಲಿ ತಯಾರಾಗುವ ಪ್ರೋಟೀನು ಕಾಯಿಕೊರಕ ಹುಳುವಿನ ಕರುಳನ್ನು ಕೆಡಿಸುತ್ತದೆ. ಮನುಷ್ಯರ ಇನ್ಸುಲಿನ್ ವಂಶವಾಹಿಯನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ ಔಷಧಿಗೆ ಅಮೆರಿಕದಲ್ಲಿ 1982ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಇದೇ ಕೆಲಸವನ್ನು ಯೀಸ್ಟ್‌ನಿಂದ ಮಾಡಿಸಿ 2004ರಲ್ಲಿ ಇನ್ಸುಲಿನ್ ಮಾರುಕಟ್ಟೆಗೆ ತಂದಿತು.

ಅದಕ್ಕೂ ಮುಂಚೆ ಇನ್ಸುಲಿನ್ ಬರುತ್ತಿದ್ದದ್ದು ಕಸಾಯಿಖಾನೆಗಳಿಂದ, ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ. ಅಂದರೆ ಅತ್ತೆಯಂಥ ಕಟ್ಟಾ ಸಸ್ಯಾಹಾರಿಗಳನ್ನು ಧರ್ಮಸಂಕಟದಿಂದ ಪಾರು ಮಾಡಿದ್ದೇ ಕುಲಾಂತರಿ ತಂತ್ರಜ್ಞಾನ. ಹಾಗಾಗಿ ವಂಶವಾಹಿಯನ್ನು ಮುಟ್ಟುವುದೇ ಪಾಪ ಎಂಬುದು ಬಹುಪಾಲು ಜನರ ನಿಲುವಲ್ಲ. ಅವರ ಪ್ರಶ್ನೆಗಳು ಬೇರೆ: ಇದು ಯಾರ ಕಷ್ಟಕ್ಕೆ ಬಂದದ್ದು? ಬೇಡ ಎನ್ನಲು ನನಗೆ ಅವಕಾಶವಿದೆಯೇ? ನನ್ನದಾಗಿದ್ದ ಯಾವುದನ್ನಾದರೂ ಇದು ಕಿತ್ತುಕೊಳ್ಳುತ್ತದೆಯೇ? ಇನ್ಸುಲಿನ್ ಈ ಮೂರರಲ್ಲೂ ಪಾಸಾಗುತ್ತದೆ. ಬದನೆಯೋ?

[ದೃಶ್ಯ: ಮಟ್ಟು ಗ್ರಾಮ, ಸಮುದ್ರ ಮತ್ತು ಹೊಳೆಯ ನಡುವಿನ ಗದ್ದೆಗಳು]

ಉಡುಪಿ ಜಿಲ್ಲೆಯ ಮಟ್ಟು ಸಮುದ್ರದ ದಂಡೆಯಲ್ಲಿರುವ ಊರು. ಇಲ್ಲಿ ಬೆಳೆಯುವ ಗುಳ್ಳ ದುಂಡಗೆ, ತಿಳಿಹಸಿರು ಬಣ್ಣಕ್ಕಿದ್ದು ಮೈಮೇಲೆ ಬಿಳಿ ಗೆರೆಗಳಿರುತ್ತವೆ, ತೊಟ್ಟಿನಲ್ಲಿ ಮುಳ್ಳು, ಸಿಪ್ಪೆ ತೆಳು. ಹದಿನಾರನೆಯ ಶತಮಾನದ ವಾದಿರಾಜ ಯತಿಗಳು ಈ ಊರಿನವರಿಗೆ ಬೀಜ ಕೊಟ್ಟರೆಂದು ಐತಿಹ್ಯವಿದೆ, ಕೃಷ್ಣಮಠಕ್ಕೆ ಗುಳ್ಳ ಒಪ್ಪಿಸುವ ಪದ್ಧತಿ ಇಂದಿಗೂ ಇದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ವಂಶವಾಹಿಯನ್ನು ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳ ಸಾಲಿನಲ್ಲಿ ಉಡುಪಿಯ ಗುಳ್ಳವೂ ಇತ್ತು. ಜೀವವೈವಿಧ್ಯ ಕಾಯಿದೆಯಡಿ ಪಡೆಯಬೇಕಾದ ಅನುಮತಿಯಿಲ್ಲದೆ ಸ್ಥಳೀಯ ಬದನೆ ತಳಿಗಳನ್ನು ಬಳಸಲಾಗಿದೆ ಎಂಬ ದೂರು 2010ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಯ ಮುಂದೆ ಬಂದಿತು. ಆ ವಿವಾದ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು.

ವಿಶ್ವವಿದ್ಯಾಲಯದ ಪರವಾಗಿ ಹೇಳಲೇಬೇಕಾದ ಮಾತೊಂದಿದೆ. ಅವರು ಮಾಡುತ್ತಿದ್ದದ್ದು ಹೈಬ್ರಿಡ್ ಅಲ್ಲ, ರೈತ ತಾನೇ ಬೀಜ ಕಟ್ಟಿಕೊಂಡು ಮರುವರ್ಷ ಬಿತ್ತಬಹುದಾದ ತಳಿ. ಉದ್ದೇಶ ಒಳ್ಳೆಯದೇ. ಆದರೆ ಬೀಜ ಯಾರದು, ಯಾರನ್ನು ಕೇಳಿ ತೆಗೆದುಕೊಂಡಿರಿ ಎಂಬ ಪ್ರಶ್ನೆಗೆ ಒಳ್ಳೆಯ ಉದ್ದೇಶವೊಂದೇ ಉತ್ತರವಾಗುವುದಿಲ್ಲ.

ಈಗ ಈ ಸಂಚಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಕೊಡಿ.

[ದೃಶ್ಯ: ಬದನೆ ಹೂವು, ತೀರ ಹತ್ತಿರದಿಂದ]

ಬದನೆಯ ನೇರಳೆ ಹೂವನ್ನು ಬೆಳಗಿನ ಹೊತ್ತು ಬಗ್ಗಿ ನೋಡಿ. ನಡುವೆ ಹಳದಿ ಬಣ್ಣದ ಕೇಸರಗಳು ಒಂದಕ್ಕೊಂದು ಒತ್ತಿಕೊಂಡು ಶಂಕುವಿನಂತೆ ನಿಂತಿರುತ್ತವೆ. ಬೇರೆ ಹೂವುಗಳಲ್ಲಿ ಬೆರಳು ತಾಗಿಸಿದರೆ ಪರಾಗ ಅಂಟಿಕೊಳ್ಳುತ್ತದೆ, ಇಲ್ಲಿ ಅಂಟುವುದಿಲ್ಲ. ಏಕೆಂದರೆ ಪರಾಗವಿರುವುದು ಕೇಸರದ ಕೊಳವೆಯ ಒಳಗೆ, ಹೊರಬರಲು ತುದಿಯಲ್ಲಿ ಒಂದು ಸಣ್ಣ ರಂಧ್ರವಷ್ಟೇ ಇದೆ. ಉಪ್ಪಿನ ಡಬ್ಬಿಯನ್ನು ಬೋರಲು ಹಾಕಿ ಅಲ್ಲಾಡಿಸಿದಂತೆ ಯಾರಾದರೂ ಅಲ್ಲಾಡಿಸಿದರೆ ಮಾತ್ರ ಪರಾಗ ಚೆನ್ನಾಗಿ ಉದುರುತ್ತದೆ. ಆ ಕೆಲಸವನ್ನು ಮಾಡುವುದು ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ಗೂಡಿನ ಗುಂಪಿನಲ್ಲಿ ಬಾಳದೆ ಒಂಟಿಯಾಗಿ ಬದುಕುವ ಒಂದು ದುಂಬಿ. ಅದು ಹೂವಿಗೆ ತೂಗುಬಿದ್ದು, ಕೇಸರಗಳನ್ನು ಹಿಡಿದು, ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಅದುರಿಸುತ್ತದೆ. ಹಾರುವಾಗಿನ ಝೇಂಕಾರಕ್ಕಿಂತ ಏರಿದ ಶ್ರುತಿಯಲ್ಲಿ ಒಂದು ಸದ್ದು ಕೇಳಿಸುತ್ತದೆ, ಮರುಕ್ಷಣವೇ ಪರಾಗ ಪುಡಿಯಾಗಿ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಆ ಪುಡಿ ಹೊತ್ತು ದುಂಬಿ ಮುಂದಿನ ಹೂವಿಗೆ ಹೋಗುತ್ತದೆ. ಆ ಹೂವು ಬೇಲಿಯಾಚೆಯ ಗದ್ದೆಯದೂ ಆಗಿರಬಹುದು.

ಬದನೆ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ ಎಂಬುದು ನಿಜ. ಆದರೆ ಬಹುಮಟ್ಟಿಗೆ ಎಂದರೆ ಸಂಪೂರ್ಣವಾಗಿ ಎಂದರ್ಥವಲ್ಲ. ಮಟ್ಟುವಿನ ರೈತ ಒಳ್ಳೆಯ ಕಾಯಿಯೊಂದನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟು, ಬೀಜ ತೆಗೆದು ಒಣಗಿಸಿ ಎತ್ತಿಡುವಾಗ, ಅದು ತನ್ನ ತಂದೆ ಎತ್ತಿಟ್ಟ ಬೀಜದ ಮುಂದುವರಿಕೆ ಎಂಬ ನಂಬಿಕೆಯಲ್ಲಿರುತ್ತಾನೆ. ಪಕ್ಕದ ಗದ್ದೆಯಲ್ಲಿ ಬಿಟಿ ಬದನೆಯಿದ್ದರೆ ಆ ನಂಬಿಕೆ ಒಂದು ದುಂಬಿಯ ದಾರಿಯನ್ನು ಅವಲಂಬಿಸಿರುತ್ತದೆ. ಇನ್ಸುಲಿನ್ ಬೇಡವಾದವರು ಪೆನ್ ಕೆಳಗಿಡಬಹುದು, ದುಂಬಿಯನ್ನು ಬೇಡ ಎನ್ನುವುದು ಹೇಗೆ? ಅತ್ತೆ ಮದ್ದು ಮತ್ತು ಊಟ ಎಂದು ಗೆರೆ ಎಳೆದದ್ದರ ಹಿಂದೆ ಈ ವ್ಯತ್ಯಾಸವೂ ಇದೆ ಎಂದು ನನಗನ್ನಿಸುತ್ತದೆ.

[ದೃಶ್ಯ: ಭಾರತದ ನಕ್ಷೆ, ಏಳು ನಗರಗಳು]

2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞರ ಸಮಿತಿ ಬಿಟಿ ಬದನೆಗೆ ಹಸಿರು ನಿಶಾನೆ ತೋರಿಸಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಕೂಡಲೇ ಸಹಿ ಹಾಕದೆ 2010ರ ಜನವರಿ 13ರಿಂದ ಫೆಬ್ರುವರಿ 6ರವರೆಗೆ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು. ಕೊನೆಯ ಸಭೆ ನಮ್ಮ ಬೆಂಗಳೂರಿನಲ್ಲಿ ನಡೆಯಿತು. ರೈತರು, ವಿಜ್ಞಾನಿಗಳು, ವೈದ್ಯರು, ಗೃಹಿಣಿಯರು ಸೇರಿ ಒಟ್ಟು ಸುಮಾರು 8,000 ಮಂದಿ ಪಾಲ್ಗೊಂಡರು. ಫೆಬ್ರುವರಿ 9ರಂದು ಸಚಿವರು ತಡೆ ಘೋಷಿಸಿದರು. ಸಭೆಗಳಲ್ಲಿ ಕೂಗಾಟವಿತ್ತು, ವಿಜ್ಞಾನವನ್ನು ಕೈ ಎತ್ತಿಸಿ ತೀರ್ಮಾನಿಸಲಾಗದು ಎಂದು ಹಲವು ವಿಜ್ಞಾನಿಗಳು ನೊಂದುಕೊಂಡರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಪ್ರೋಟೀನು ಸುರಕ್ಷಿತವೇ ಎಂಬುದು ಪ್ರಯೋಗಾಲಯದ ಪ್ರಶ್ನೆಯಾದರೆ, ಅದು ನಮಗೆ ಬೇಕೇ ಎಂಬುದು ತಿನ್ನುವವರ ಮತ್ತು ಬೆಳೆಯುವವರ ಪ್ರಶ್ನೆ. ಎರಡನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದ ಆ ಕೆಲವು ವಾರಗಳ ಬಗ್ಗೆ ನನಗೆ ಗೌರವವಿದೆ.

ವಿರೋಧಿಸಿದವರನ್ನೂ ಒಂದು ಮಾತು ಕೇಳಬೇಕು. ಬದನೆ ತೋಟದಲ್ಲಿ ಕುಡಿಗಳು ಬಾಡಿ ಜೋತುಬಿದ್ದ ದಿನದಿಂದ ಕೊಯ್ಲಿನವರೆಗೆ ಬೆನ್ನಿಗೆ ಕ್ಯಾನು ಹೊತ್ತು, ಬಾಯಿಗೊಂದು ಟವೆಲ್ ಮಾತ್ರ ಕಟ್ಟಿಕೊಂಡು, ಮತ್ತೆ ಮತ್ತೆ ಔಷಧಿ ಹೊಡೆಯುವ ಕೂಲಿಯವನ ಆರೋಗ್ಯ ನಮ್ಮ ನೈತಿಕ ಲೆಕ್ಕದಲ್ಲಿ ಎಲ್ಲಿದೆ? ಬಿಟಿ ಬೇಡವೆಂದ ಮೇಲೂ ಆ ಸಿಂಪಡಣೆ ನಿಲ್ಲಲಿಲ್ಲ. ಬಾಂಗ್ಲಾದೇಶ ಇದೇ ಕಾರಣವನ್ನು ಮುಂದಿಟ್ಟು 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟು, ಮರುವರ್ಷ 20 ರೈತರಿಂದ ಆರಂಭಿಸಿತು.

[ದೃಶ್ಯ: ರಾಯಚೂರು ಜಿಲ್ಲೆಯ ಹತ್ತಿ ಹೊಲ]

ಒಪ್ಪಿಗೆಯ ಪ್ರಶ್ನೆ ಕರ್ನಾಟಕಕ್ಕೆ ಹೊಸದಲ್ಲ. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪ್ರಾಯೋಗಿಕವಾಗಿ ಬೆಳೆದಿದ್ದ ಬಿಟಿ ಹತ್ತಿಯನ್ನು ಕಿತ್ತು ಸುಟ್ಟಿತು. ರೈತರಿಗೆ ಆಗುವ ನಷ್ಟವನ್ನು ತಾವೇ ತುಂಬಿಕೊಡುವುದಾಗಿ ಮುಂಚಿತವಾಗಿ ಹೇಳಿಯೇ ಸುಟ್ಟರು. ತಮ್ಮ ಹೊಲದಲ್ಲಿ ಬೆಳೆಯುತ್ತಿರುವುದು ಏನೆಂದು ಬೆಳೆದವರಿಗೇ ತಿಳಿಸಿಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ದೇಶದ ಹತ್ತಿಯ ಬಹುಪಾಲು ಅದೇ ಆಯಿತು. ಗುಲಾಬಿ ಕಾಯಿಕೊರಕ ಅದಕ್ಕೆ ಬಗ್ಗದಂತಾದದ್ದು ಅನಂತರದ ಕಥೆ. ಹತ್ತಿಯನ್ನು ಉಡುತ್ತೇವೆ, ತಿನ್ನುವುದಿಲ್ಲವಲ್ಲ ಎಂಬ ಸಮಾಧಾನ ಅನೇಕರಿಗಿದೆ. ಆದರೆ ಅದೇ ಹತ್ತಿಕಾಳಿನಿಂದ ತೆಗೆದ ಎಣ್ಣೆ ಕರಿದ ತಿಂಡಿಗಳಿಗೆ ಹೋಗುತ್ತದೆ, ಉಳಿದ ಹಿಂಡಿಯನ್ನು ಉತ್ತರ ಕರ್ನಾಟಕದಲ್ಲಿ ಹಾಲು ಕರೆಯುವ ಎಮ್ಮೆಗೆ ನೆನೆಸಿ ಇಡುತ್ತಾರೆ. ಇದನ್ನು ಹೇಳುವುದು ಭಯ ಹುಟ್ಟಿಸಲಿಕ್ಕಲ್ಲ. ಎಣ್ಣೆಯ ವಿಷಯದಲ್ಲಿ ಯಾರೂ ನಮ್ಮನ್ನು ಕೇಳಲಿಲ್ಲ, ಬದನೆಯ ವಿಷಯದಲ್ಲಿ ಕೇಳಿದರು, ನಮ್ಮ ಅಭಿಪ್ರಾಯ ಗಟ್ಟಿಯಾದದ್ದು ಕೇಳಿದ ಕಡೆಯಲ್ಲಿ ಎಂಬುದನ್ನು ಗಮನಿಸಿ ಎಂದಷ್ಟೇ.

ಸಮಯ ಮೀರುತ್ತಿರುವುದರಿಂದ ಉಳಿದ ಸಂಗತಿಗಳನ್ನು ಒಟ್ಟಿಗೆ ಹೇಳುತ್ತೇನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019-20ರಲ್ಲಿ ಭಾರತವೂ ಸೇರಿದಂತೆ 20 ಕಡೆ ಸಮೀಕ್ಷೆ ನಡೆಸಿತ್ತು. ಮಧ್ಯಾಂಕದ, ಅಂದರೆ 20 ಕಡೆಗಳ ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿಯ, ಲೆಕ್ಕದಲ್ಲಿ ಕುಲಾಂತರಿ ಆಹಾರ ಸುರಕ್ಷಿತವಲ್ಲ ಎಂದವರು ಶೇ. 48, ಸುರಕ್ಷಿತ ಎಂದವರು ಶೇ. 13. ಅದೇ ಸಮೀಕ್ಷೆಯಲ್ಲಿ, ಹುಟ್ಟುವ ಮಗುವಿನ ಗಂಭೀರ ಕಾಯಿಲೆಯನ್ನು ತಪ್ಪಿಸಲು ವಂಶವಾಹಿಯನ್ನು ತಿದ್ದುವುದು ಸರಿ ಎಂದವರು ಶೇ. 70. ಬುದ್ಧಿಯನ್ನು ಹೆಚ್ಚಿಸಲು ತಿದ್ದುವುದು ಸರಿಯೇ ಎಂದಾಗ ಆ ಪಾಲು ಶೇ. 14ಕ್ಕೆ ಕುಸಿಯಿತು. ಮದ್ದು ಬೇರೆ, ಉಳಿದದ್ದು ಬೇರೆ ಎಂಬ ಅತ್ತೆಯ ಗೆರೆಯನ್ನೇ ಲೋಕವೂ ಎಳೆದಿತ್ತು. ಆದರೆ ಬುದ್ಧಿಯ ಪ್ರಶ್ನೆಗೆ ಸರಿ ಎಂದು ಬಹುಮತದಿಂದ ಉತ್ತರಿಸಿ ಪ್ರತ್ಯೇಕವಾಗಿ ನಿಂತದ್ದು ಭಾರತ. ಮಕ್ಕಳ ಅಂಕಪಟ್ಟಿಯ ಮೇಲೆ ಮನೆಮಂದಿಯ ಆಸೆಯನ್ನೆಲ್ಲ ಕಟ್ಟಿಡುವ ನಮ್ಮ ಅಭ್ಯಾಸದ ನೆರಳು ಇದರಲ್ಲಿದೆ ಎಂಬುದು ನನ್ನ ಅನುಮಾನ, ಇದು ನನ್ನನ್ನು ಬದನೆಗಿಂತ ಹೆಚ್ಚು ಕಾಡುತ್ತದೆ. ಕಾಯಿಲೆಯ ಚಿಕಿತ್ಸೆಯಲ್ಲೂ ತೊಡಕಿಲ್ಲವೆಂದಲ್ಲ: ಕುಡಗೋಲು ರಕ್ತಕಣದ ಕಾಯಿಲೆಗೆ (ಸಿಕಲ್ ಸೆಲ್) 2023ರಲ್ಲಿ ಮೊದಲು ಬ್ರಿಟನ್ನಿನಲ್ಲಿ ಅನುಮತಿ ಪಡೆದ ಜೀನ್ ತಿದ್ದುಪಡಿ ಚಿಕಿತ್ಸೆಗೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಆ ಕಾಯಿಲೆ ಕಾಡುತ್ತಿರುವುದು ನಮ್ಮ ಚಾಮರಾಜನಗರದ ಕಾಡಂಚಿನ ಬುಡಕಟ್ಟು ಹಾಡಿಗಳನ್ನೂ ಹೌದು.

ಕೊನೆಯದಾಗಿ ಅಕ್ಕಿಯ ವಿಷಯ. ಹೊರಗಿನ ವಂಶವಾಹಿಯನ್ನು ಸೇರಿಸದೆ, ಇರುವುದನ್ನೇ ತಿದ್ದಿದ ಬೆಳೆಗಳಿಗೆ 2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕುಲಾಂತರಿ ನಿಯಮಗಳ ಮುಖ್ಯ ಭಾಗದಿಂದ ವಿನಾಯಿತಿ ಕೊಟ್ಟಿತು. 2025ರ ಮೇ 4ರಂದು ಅಂಥ ಎರಡು ಭತ್ತದ ತಳಿಗಳನ್ನು ಪ್ರಕಟಿಸಲಾಯಿತು. ಅವುಗಳಲ್ಲಿ 'ಕಮಲಾ' ಎಂಬುದನ್ನು ಹೈದರಾಬಾದಿನ ವಿಜ್ಞಾನಿಗಳು ರೂಪಿಸಿದ್ದು ಸಾಂಬಾ ಮಸೂರಿಯಿಂದ, ಅಂದರೆ ತುಂಗಭದ್ರಾ ಅಚ್ಚುಕಟ್ಟಿನ ರೈತರು ಬಿಪಿಟಿ 5204 ಎಂದು ಕರೆಯುವ ತಳಿಯಿಂದ. ಸಾಂಬಾ ಮಸೂರಿಯ ರುಚಿ ಹಾಗೇ ಉಳಿದು ಇಳುವರಿ ಹೆಚ್ಚುತ್ತದೆ ಎಂದು ಹೇಳಲಾಗಿದೆ. ಹಾಗಾದರೆ ನನಗೆ ಸಂತೋಷವೇ. ಆದರೆ ಬದನೆಗೆ ನಡೆದಂಥ ಏಳು ಊರುಗಳ ಸಭೆ ಈ ಅಕ್ಕಿಗೆ ನಡೆಯಲಿಲ್ಲ.

ಆ ಅಚ್ಚುಕಟ್ಟಿನ ನಡುವೆ ಇರುವುದು ಅದೇ ಸಿಂಧನೂರು. ಕಮಲಾ ಬೀಜದ ಮೊದಲ ಚೀಲ ಅಲ್ಲಿನ ಅಂಗಡಿಗೆ ಬಂದ ದಿನ ನಾನು ಕ್ಯಾಮೆರಾ ಹಿಡಿದು ಹೋಗಲಿದ್ದೇನೆ, ಚೀಲದ ಮೇಲೆ ರೈತನಿಗೆ ಏನೆಂದು ಬರೆದು ಹೇಳಿದ್ದಾರೆ ಎಂಬುದನ್ನು ಓದಿ ತೋರಿಸಲು.