ಚೆಂಡು ಕಾಣದ ಆಟ

ಕೇಳುಗರಿಗೆ ನಮಸ್ಕಾರ.

ಕೊಡಗಿನ ನಾಪೋಕ್ಲು ಕಡೆ ಆಗಸ್ಟ್ ತಿಂಗಳಲ್ಲಿ ಕರೆಂಟ್ ಹೋದರೆ ಸುದ್ದಿಯಲ್ಲ, ಇದ್ದರೆ ಸುದ್ದಿ. 2024ರ ಆಗಸ್ಟ್ 4, ಭಾನುವಾರ. ಹಿಂದಿನ ದಿನವಷ್ಟೇ ಕೊಡವರ ಕಕ್ಕಡ ತಿಂಗಳ ಹದಿನೆಂಟು, ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸ ಪಾತ್ರೆಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಕಡು ನೇರಳೆ ಬಣ್ಣಕ್ಕೆ. ಮಧ್ಯಾಹ್ನ ಒಂದೂವರೆಗೆ ಪ್ಯಾರಿಸ್ ಒಲಿಂಪಿಕ್ಸ್‌ನ ಹಾಕಿ ಕ್ವಾರ್ಟರ್ ಫೈನಲ್. ಭಾರತಕ್ಕೂ ಬ್ರಿಟನ್ನಿಗೂ. ಟಿವಿ ಬಾಯಿ ಮುಚ್ಚಿ ಎರಡು ದಿನ ಆಗಿತ್ತು. ಸಕ್ಕರೆ ಡಬ್ಬಕ್ಕೆ ಮೊಬೈಲ್ ಒರಗಿಸಿ ಐದು ಜನ ಸುತ್ತ ಕೂತೆವು.

ಸೇನೆಯಿಂದ ನಿವೃತ್ತರಾದ ನನ್ನ ಸುಬೇದಾರ್ ಮಾವ, ಅತ್ತೆ, ಬೆಂಗಳೂರಿಂದ ಬಂದಿದ್ದ ನನ್ನ ಅಕ್ಕನ ಮಗ, ಅವನ ತಂಗಿ, ಮತ್ತೆ ನಾನು. 91 ಮೀಟರ್ ಉದ್ದದ ಮೈದಾನವನ್ನು ಅಂಗೈಯಗಲದ ಪರದೆಗೆ ಇಳಿಸಿದರೆ ಚೆಂಡು ಸಾಸಿವೆಯಷ್ಟೂ ಕಾಣುವುದಿಲ್ಲ. ಐದು ನಿಮಿಷಕ್ಕೇ ಹುಡುಗ ಶುರು ಮಾಡಿದ.

"ಅಜ್ಜಾ, ಚೆಂಡೇ ಕಾಣ್ತಿಲ್ಲ. ಇದನ್ನ ನೋಡೋದು ಹೇಗೆ? ಕ್ರಿಕೆಟ್ ಆದ್ರೆ ಸ್ಕೋರ್ ನೋಡಿದ್ರೂ ಅರ್ಧ ಆಟ ಗೊತ್ತಾಗುತ್ತೆ."

ಮಾವ ತಲೆ ಎತ್ತಲಿಲ್ಲ. "ಚೆಂಡನ್ನ ಯಾಕೆ ನೋಡ್ತೀಯ? ಅದು ಎಲ್ಲಿಗೆ ಬರುತ್ತೆ ಅಂತ ಆ ಹುಡುಗರಿಗೆ ಗೊತ್ತು. ಅವರನ್ನ ನೋಡು."

ಅಲ್ಲಿಂದ ಜಗಳ ಹತ್ತಿಕೊಂಡಿತು. ಯಾವ ಆಟ ನೋಡೋದಕ್ಕೆ ಲಾಯಕ್ಕು, ಯಾವುದು ಸುಮ್ನೆ ಟೈಮ್ ಪಾಸ್ ಅಂತ. ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುತ್ತಿದ್ದರಿಂದ ಎಲ್ಲರೂ ಸ್ವಲ್ಪ ಕೂಗಿಯೇ ಮಾತಾಡಬೇಕಿತ್ತು. ಹಾಗಾಗಿ ಇದ್ದದ್ದಕ್ಕಿಂತ ಜಾಸ್ತಿ ಸಿಟ್ಟು ಬಂದ ಹಾಗೆ ಕೇಳಿಸುತ್ತಿತ್ತು.

ಹುಡುಗ ಹಿಂದಿನ ತಿಂಗಳುಗಳ ಸಾಕ್ಷಿ ತಂದ. ಜೂನ್ ಕೊನೆಯಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್ ನಡೆದಿತ್ತಲ್ಲ. ದಕ್ಷಿಣ ಆಫ್ರಿಕಾಗೆ ಕೊನೆಯ ಓವರ್‌ನಲ್ಲಿ 16 ರನ್ ಬೇಕು, ಗೆರೆಯ ಮೇಲೆ ಸೂರ್ಯಕುಮಾರ್ ಯಾದವ್ ಕ್ಯಾಚು, ನಾವು 7 ರನ್ನಿಂದ ಗೆದ್ದದ್ದು. "ಅದಕ್ಕಿಂತ ನೋಡೋ ಆಟ ಬೇಕಾ?" ಅಂದ. "ಕ್ಯಾಚು ಸರಿ," ಅಂದರು ಮಾವ, "ಅದಕ್ಕಿಂತ ಮುಂಚಿನ ಮೂರೂವರೆ ಗಂಟೆ?"

ಇಲ್ಲಿ ನಾನು ಹುಡುಗನ ಪರ. ಕ್ರಿಕೆಟ್‌ನಲ್ಲಿ ಎರಡು ಎಸೆತಗಳ ಮಧ್ಯೆ ಏನೂ ಆಗುವುದಿಲ್ಲ ಅನ್ನುವವರು ಕ್ಯಾಪ್ಟನ್‌ನ ಕೈ ನೋಡಿರುವುದಿಲ್ಲ. ಟೆಸ್ಟ್ ಪಂದ್ಯದಲ್ಲಿ ಒಬ್ಬ ಸ್ಲಿಪ್ ಫೀಲ್ಡರ್‌ನನ್ನು ತೆಗೆದು ಬ್ಯಾಟಿನ ಪಕ್ಕದಲ್ಲೇ, ಶಾರ್ಟ್ ಲೆಗ್‌ಗೆ ನಿಲ್ಲಿಸಿದರೆ, ಬ್ಯಾಟ್ಸ್‌ಮನ್ ಒಮ್ಮೆ ಸುತ್ತ ನೋಡುತ್ತಾನೆ. ಆ ನೋಟ ನೋಡಬೇಕು. ಚೆಂಡು ಆಗ ಬೌಲರ್‌ನ ಪ್ಯಾಂಟಿಗೆ ತಿಕ್ಕಿಸಿಕೊಳ್ಳುತ್ತಾ ಇರುತ್ತದೆ, ಅಷ್ಟೆ.

ಹುಡುಗಿ ಟೆನಿಸ್ ಕಡೆ. ಅದಕ್ಕೂ ಕಾರಣ ಇದೆ. ಆ ವರ್ಷ ಜನವರಿಯಲ್ಲಿ ನಮ್ಮ ರೋಹನ್ ಬೋಪಣ್ಣ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಿದ್ದರು. 43ನೇ ವಯಸ್ಸಿನಲ್ಲಿ! ಅವಳು ಹೇಳಿದ ಒಂದು ಮಾತು ನನಗೆ ಹಿಡಿಸಿತು. ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಿಂತವನು ಬೆನ್ನ ಹಿಂದೆ ಕೈ ಇಟ್ಟು ಬೆರಳಲ್ಲಿ ಸನ್ನೆ ಮಾಡುತ್ತಾನೆ. ಸರ್ವ್ ಮಾಡುವವನಿಗೆ ಕಾಣಬೇಕು, ಎದುರಾಳಿಗೆ ಕಾಣಬಾರದು. "ನಾನು ಮೊದಲು ಬೆರಳು ನೋಡ್ತೀನಿ, ಆಮೇಲೆ ಸರ್ವ್" ಅಂದಳು. ಮಾವನಿಗೆ ಖುಷಿಯಾಯಿತು. "ನೋಡು, ಇವಳಿಗೆ ಗೊತ್ತು" ಅಂದರು, ಅಣ್ಣನಿಗೆ ಕೇಳುವ ಹಾಗೆ.

ಫುಟ್‌ಬಾಲ್ ವಿಷಯ ಯಾರೋ ಎತ್ತಿದರು. ಮಧ್ಯರಾತ್ರಿ ಎದ್ದು ನೋಡಲು ಈಗ ಯಾರಿಗೂ ಆಗಲ್ಲ ಅಂತ ಅಲ್ಲಿಗೇ ಬಿಟ್ಟೆವು.

ಅತ್ತೆಗೆ ಇದ್ಯಾವುದೂ ಬೇಡ. ಅವರ ಪಾಲಿಗೆ ನೋಡುವ ಆಟ ಅಂದರೆ ಎರಡೇ. ಒಂದು ಕೆಸರು ಗದ್ದೆಯ ಹಗ್ಗಜಗ್ಗಾಟ. ಇನ್ನೊಂದು ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದಾಗ 60 ಮನೆತನ ಆಡಿದ್ದವು. 2024ರಲ್ಲಿ ನಮ್ಮ ನಾಪೋಕ್ಲಿನಲ್ಲೇ 360. ಅಜ್ಜ, ಮೊಮ್ಮಗ, ಸೊಸೆ ಎಲ್ಲ ಒಂದೇ ತಂಡದಲ್ಲಿ. ಏಪ್ರಿಲ್ ಬಿಸಿಲಲ್ಲಿ ಕೊಡೆ ಹಿಡಿದು ಅತ್ತೆ ದಿನಾ ಹೋಗುತ್ತಿದ್ದರು. ಗೋಲು ಯಾರು ಹೊಡೆದರು ಅಂದರೆ ಅವರಿಗೆ ಗೊತ್ತಿರುವುದಿಲ್ಲ. ಯಾವ ಮನೆಯ ಸೊಸೆ ಗಂಡನಿಗಿಂತ ಚೆನ್ನಾಗಿ ಓಡಿದಳು, ಯಾರು ಸ್ಟಿಕ್ ಊರಿಕೊಂಡು ಉಸಿರು ಬಿಡುತ್ತಿದ್ದರು, ಅದೆಲ್ಲ ಗೊತ್ತು. "ಗೊತ್ತಿರೋರು ಜಾರಿ ಬಿದ್ರೆ ನೋಡೋಕೆ ಎಷ್ಟು ಚೆಂದ ಅಲ್ವಾ" ಅಂದರು. ಯಾರೂ ಎದುರಾಡಲಿಲ್ಲ.

ಅಷ್ಟರಲ್ಲಿ ಎರಡನೇ ಕ್ವಾರ್ಟರ್. ಅಮಿತ್ ರೋಹಿದಾಸ್‌ರ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು. ರೆಡ್ ಕಾರ್ಡ್. ಇನ್ನೂ ನಲವತ್ತು ನಿಮಿಷಕ್ಕೂ ಜಾಸ್ತಿ ಆಟ ಇದೆ, ನಮ್ಮವರು ಹತ್ತೇ ಜನ. ಹುಡುಗ "ಮುಗೀತು" ಅಂದ. ಮಾವ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಈಗ ನೋಡು. ಒಬ್ಬ ಹೋದ ಜಾಗ ಯಾರು ತುಂಬ್ತಾರೆ ನೋಡು."

ನಮ್ಮ ಕ್ಯಾಪ್ಟನ್ ಹರ್ಮನ್‌ಪ್ರೀತ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದರು. ಬ್ರಿಟನ್ ಸಮ ಮಾಡಿತು. ಆಮೇಲೆ ಪೂರ್ತಿ ಎರಡನೇ ಅರ್ಧ ಒಂದೇ ಕೆಲಸ. ಗೋಲು ಹೊಡೆಯಬೇಕಾದ ಫಾರ್ವರ್ಡ್‌ಗಳು ನಮ್ಮ ಡಿ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ ಹತ್ತಿರ ಬಂದು ನಿಂತು ತಡೆಯುತ್ತಿದ್ದರು. ಮಾವ ಬೆರಳಲ್ಲಿ ತೋರಿಸುತ್ತಾ ಹೋದರು. ಇವನು ಒಳಗೆ ಬಂದ, ಅವನು ಗೆರೆ ಮುಚ್ಚಿದ. ನಂಬಿ, ಹತ್ತು ನಿಮಿಷ ನನಗೆ ಚೆಂಡಿನ ನೆನಪೇ ಆಗಲಿಲ್ಲ. ನೀಲಿ ಟರ್ಫ್ ಮೇಲೆ ಹತ್ತು ಚುಕ್ಕಿಗಳು ಒಂದೇ ಬಲೆಯ ಹಾಗೆ ಆ ಕಡೆ ಈ ಕಡೆ ಎಳೆದುಕೊಳ್ಳುತ್ತಿದ್ದವು.

ಮಾವನಿಗೆ ಈ ಕಣ್ಣು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ರೇಡಿಯೋದಿಂದ ಅಂದರು. 1975ರ ಮಾರ್ಚ್‌ನಲ್ಲಿ ಕೌಲಾಲಂಪುರದಲ್ಲಿ ಹಾಕಿ ವಿಶ್ವಕಪ್ ಫೈನಲ್. ನಮ್ಮ ಕೊಡಗಿನ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಪಾಕಿಸ್ತಾನದ ಮೇಲೆ 2-1. ಮಾವನಿಗೆ ಆಗ ಹನ್ನೆರಡು ವರ್ಷ. ಜಸ್‌ದೇವ್ ಸಿಂಗ್ ಅವರ ಹಿಂದಿ ಕಾಮೆಂಟರಿ. ಮನೆಯಲ್ಲಿ ಒಬ್ಬರಿಗೂ ಹಿಂದಿ ಬಾರದು. ದನಿ ಏರಿತು ಅಂದರೆ ಚೆಂಡು ಡಿ ಹತ್ತಿರ, ಇಳಿಯಿತು ಅಂದರೆ ಹೊರಗೆ. ಉಳಿದದ್ದನ್ನೆಲ್ಲ ಮಾವ ಸಗಣಿ ಸಾರಿಸಿದ ನೆಲದ ಮೇಲೆ ಹನ್ನೊಂದು ಕಾಫಿ ಬೀಜ ಇಟ್ಟು ತಾವೇ ಸರಿಸಿಕೊಂಡರಂತೆ. ರೇಡಿಯೋದಲ್ಲಿ ಕೂತು ರೇಡಿಯೋ ಹೊಗಳಬಾರದು, ಆದರೂ ಇದನ್ನು ಹೇಳದೆ ಇರಲಾಗಲಿಲ್ಲ.

1-1ಕ್ಕೆ ಮುಗಿದು ಶೂಟೌಟ್. ಗೋಲ್‌ಕೀಪರ್ ಒಬ್ಬನ ಎದುರು ಗೋಲು ಹೊಡೆಯಲು ಒಬ್ಬೊಬ್ಬರಿಗೂ ಎಂಟು ಸೆಕೆಂಡು. ಅಷ್ಟು ಹೊತ್ತಿಗೆ ಮೊಬೈಲ್‌ನಲ್ಲಿ ಚಕ್ರ ತಿರುಗಲು ಶುರು. ಎಲ್ಲರೂ ಅದನ್ನೇ ನೋಡುತ್ತಾ ಕೂತೆವು. ಆಗ ಕೆಳಗಿನ ಮನೆಯಿಂದ ದೊಡ್ಡ ಕೂಗು. ಅವರಲ್ಲಿ ಯುಪಿಎಸ್ ಇದೆ, ಟಿವಿ ಓಡುತ್ತದೆ. ಗೆದ್ದೆವು ಅಂತ ಗೊತ್ತಾಯಿತು. ಚಕ್ರ ನಿಂತಾಗ ನಮ್ಮ ಪರದೆಯಲ್ಲಿ ಮೂರನೇ ಸುತ್ತು ಇನ್ನೂ ನಡೆಯುತ್ತಿತ್ತು.

"ರಿಸಲ್ಟ್ ಗೊತ್ತಾಯ್ತಲ್ಲ, ಆಫ್ ಮಾಡ್ಲಾ?" ಅಂದ ಹುಡುಗ.

ಮಾವ ಅವನ ಕೈ ತಡೆದರು. ನಮ್ಮ ಗೋಲ್‌ಕೀಪರ್ ಶ್ರೀಜೇಶ್ ತಡೆದದ್ದನ್ನೂ, ರಾಜ್‌ಕುಮಾರ್ ಪಾಲ್ ಕೊನೆಯದನ್ನು ಒಳಗೆ ಹಾಕಿದ್ದನ್ನೂ ಕಣ್ಣು ಮಿಟುಕಿಸದೆ ನೋಡಿದರು. 4-2. ಅತ್ತೆ ಪಾಯಸದ ಪಾತ್ರೆ ತಂದಿಟ್ಟರು. ಮಾವ ಒಂದು ಚಮಚ ಬಾಯಿಗಿಟ್ಟು ಹುಡುಗನ ಕಡೆ ತಿರುಗಿದರು. "ಅದನ್ನ ಹಿಂದಕ್ಕೆ ತಗೊಂಡು ಹೋಗೋಕೆ ಬರುತ್ತಾ? ಆ ರೆಡ್ ಕಾರ್ಡ್ ಇನ್ನೊಂದ್ಸಲ ನೋಡ್ಬೇಕು. ಅದು ಹಳದಿ ಕೊಡೋ ತಪ್ಪು, ಕೆಂಪಲ್ಲ."

"ಇಲ್ಲ ಅಜ್ಜಾ, ಕೆಂಪೇ," ಅಂದ ಅವನು, ಮೊಬೈಲ್ ಹತ್ತಿರ ಎಳೆದುಕೊಂಡು. "ಸ್ಟಿಕ್ ನೋಡ್ಬೇಡಿ, ಅವರ ಮೊಣಕೈ ನೋಡಿ."