ಹಪ್ಪಳದ ಅರ್ಧ, ಅರ್ಧದ ಅರ್ಧ

ಕೇಳುಗರಿಗೆ ನಮಸ್ಕಾರ.

ಕಳೆದ ಮೇ ತಿಂಗಳಲ್ಲಿ ನಮ್ಮ ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ್ದೆವು. ಬದಿಯಡ್ಕದ ಕಡೆ ಮೇ ತಿಂಗಳೆಂದರೆ ನಿಮಗೆ ಗೊತ್ತೇ ಇದೆ, ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಕಾಗೆ ಓಡಿಸುವ ಕೆಲಸ ನನ್ನ ಮೊಮ್ಮಗಳದ್ದು. ಜೂನಿನಲ್ಲಿ ಒಂದನೇ ಕ್ಲಾಸಿಗೆ ಸೇರಲಿದ್ದವಳು. ಕಾಗೆ ಕೊಂಡುಹೋದದ್ದಕ್ಕಿಂತ ಅವಳ ಹೊಟ್ಟೆಗೆ ಹೋದದ್ದೇ ಹೆಚ್ಚು. ಅರ್ಧ ಒಣಗಿದ ಹಪ್ಪಳದ ರುಚಿ ಕಂಡವರು ಅವಳನ್ನು ಬೈಯಲಾರರು.

“ಇನ್ನು ಒಂದೇ ಒಂದು,” ಎಂದೆ. ಆ ಒಂದು ಬೇಗ ಮುಗಿಯಬಾರದಲ್ಲ, ಅವಳೊಂದು ಉಪಾಯ ಮಾಡಿದಳು. ಅರ್ಧ ಹರಿದು ತಿಂದಳು. ಉಳಿದದ್ದರಲ್ಲಿ ಅರ್ಧ ತಿಂದಳು. ಮತ್ತೆ ಉಳಿದದ್ದರಲ್ಲಿ ಅರ್ಧ. ಚೂರು ಉಗುರಿನಷ್ಟಾಯಿತು, ಎಳ್ಳಿನಷ್ಟಾಯಿತು.

“ಅಜ್ಜೀ, ಹೀಗೇ ತಿಂದ್ರೆ ಇದು ಮುಗಿಯುವುದೇ ಇಲ್ಲ ಅಲ್ವಾ?”

“ಮುಗಿಯದಿದ್ದರೆ ನಿನಗೆ ಒಟ್ಟು ಎಷ್ಟು ಹಪ್ಪಳ ಸಿಕ್ಕಿತು? ಹತ್ತು ಆದೀತಾ?”

ಬೆರಳ ತುದಿಯ ಚೂರನ್ನೇ ನೋಡುತ್ತ ಕೂತಳು. ಆಮೇಲೆ ಹೇಳಿದಳು, “ಒಂದಕ್ಕಿಂತ ಹೆಚ್ಚು ಆಗ್ಲಿಕ್ಕಿಲ್ಲ. ಇದು ಒಂದೇ ಹಪ್ಪಳ ಅಲ್ವಾ?”

ಅರ್ಧ, ಕಾಲು, ಅರೆಕಾಲು ಎಂದು ಕೊನೆಯಿಲ್ಲದೆ ಕೂಡಿಸುತ್ತ ಹೋದರೂ ಮೊತ್ತ ಒಂದನ್ನು ದಾಟುವುದಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ‘ಅನಂತ ಶ್ರೇಣಿ’ ಎಂಬ ಹೆಸರಿನಲ್ಲಿ ಬಾಯಿಪಾಠ ಮಾಡಿದ್ದೆ. ಅರ್ಥವಾಗಿರಲಿಲ್ಲ. ಆಗ ನನ್ನ ಕೈಯಲ್ಲಿ ಹಪ್ಪಳ ಇರಲಿಲ್ಲ ನೋಡಿ.

ಹಪ್ಪಳ ದುಂಡಗಿರುವುದರಿಂದ ಇನ್ನೊಂದು ಮಾತು. ನಾವಿರುವ ಈ ಕೇರಳದಲ್ಲೇ, 14ನೇ ಶತಮಾನದಲ್ಲಿ, ಸಂಗಮಗ್ರಾಮದ ಮಾಧವ ಎಂಬವರಿದ್ದರು. ಒಂದರಿಂದ ಮೂರರಲ್ಲೊಂದು ಪಾಲು ಕಳೆದು, ಐದರಲ್ಲೊಂದು ಪಾಲು ಕೂಡಿಸಿ, ಏಳರಲ್ಲೊಂದು ಪಾಲು ಕಳೆದು, ಹೀಗೆ ಕೊನೆಯಿಲ್ಲದೆ ಹೋಗಿ ಬಂದದ್ದನ್ನು 4ರಿಂದ ಗುಣಿಸಿದರೆ, ವೃತ್ತದ ಸುತ್ತಳತೆ ವ್ಯಾಸದ ಎಷ್ಟು ಪಟ್ಟು ಎಂಬ ಲೆಕ್ಕ ಸಿಗುತ್ತದೆ ಎಂದು ಕಂಡುಕೊಂಡವರು. ಅದು ಯಾಕೆ ಹಾಗೆ ಎಂಬುದನ್ನು 16ನೇ ಶತಮಾನದಲ್ಲಿ ಜ್ಯೇಷ್ಠದೇವ ‘ಯುಕ್ತಿಭಾಷಾ’ದಲ್ಲಿ ಬಿಡಿಸಿ ಬರೆದರು. ಸಂಸ್ಕೃತದ ಶ್ಲೋಕದಲ್ಲಿ ಅಲ್ಲ, ಮಲಯಾಳದ ಗದ್ಯದಲ್ಲಿ. ಮನೆಮಾತಿನಲ್ಲಿ ಹೇಳಿದರೆ ಲೆಕ್ಕದ ಮಾನ ಹೋಗುತ್ತದೆ ಎಂದು ಅವರಿಗೆ ಅನಿಸಲಿಲ್ಲ.

ನಾನು ಎಲ್.ಪಿ. ಶಾಲೆಯಲ್ಲಿ, ಅಂದರೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಟೀಚರಾಗಿದ್ದವಳು. ಕನ್ನಡ ಮಾಧ್ಯಮ. ಆದರೆ ಕ್ಲಾಸಿನಲ್ಲಿ ಕೂತ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ. ಕೈಯಲ್ಲಿದ್ದ ಪುಸ್ತಕವೋ ಕೇರಳದ ಪಠ್ಯದ ಕನ್ನಡ ಅನುವಾದ. ಅರ್ಧ ಮಕ್ಕಳಿಗೆ ಲೆಕ್ಕಕ್ಕಿಂತ ಮೊದಲು ಲೆಕ್ಕದ ವಾಕ್ಯವೇ ತೊಡಕು. ಆಗ ನನಗೆ ಒದಗಿಬಂದದ್ದು ಚಪ್ಪಾಳೆ. ಚಪ್ಪಾಳೆಗೆ ಅನುವಾದ ಬೇಡ.

ಆಟ ಹೀಗೆ. ‘ತ’ ಎಂದರೆ ಒಂದು ಮಾತ್ರೆ, ‘ತೈ’ ಎಂದರೆ ಎರಡು. ಲಘು, ಗುರು ಎಂಬ ಹೆಸರು ಹೇಳಬೇಕಾಗಿಲ್ಲ. ನಮ್ಮ ಊರ ಮಕ್ಕಳು ಯಕ್ಷಗಾನದ ತಾಳ ಕೇಳಿಯೇ ಬೆಳೆದವರು, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ. ತ ಮತ್ತು ತೈ ಅವರಿಗೆ ಹೊಸತಲ್ಲ. ಪ್ರಶ್ನೆ ಇಷ್ಟೇ: ಇಷ್ಟು ಮಾತ್ರೆಯನ್ನು ಎಷ್ಟು ರೀತಿಯಲ್ಲಿ ತುಂಬಿಸಬಹುದು? ಒಂದು ಮಾತ್ರೆಗೆ ‘ತ’ ಒಂದೇ. ಎರಡಕ್ಕೆ ‘ತತ’, ‘ತೈ’. ಮೂರಕ್ಕೆ ‘ತತತ’, ‘ತತೈ’, ‘ತೈತ’. ಒಂದು, ಎರಡು, ಮೂರು. ನಾಲ್ಕು ಮಾತ್ರೆಗೆ ಎಷ್ಟು ಎಂದು ಕೇಳಿದರೆ ಇಡೀ ಕ್ಲಾಸು “ನಾಲ್ಕು!” ಎಂದು ಕೂಗುತ್ತದೆ. ಕೂಗಲಿ. ಹಿಡಿಸೂಡಿಯ ಕಡ್ಡಿ ಮುರಿದು ಕೊಡುತ್ತಿದ್ದೆ, ಗಿಡ್ಡದ್ದು ತ, ಅದರ ಎರಡರಷ್ಟು ಉದ್ದದ್ದು ತೈ. ಮಕ್ಕಳು ನೆಲದ ಮೇಲೆ ಜೋಡಿಸುತ್ತಾರೆ: ‘ತತತತ’, ‘ತತತೈ’, ‘ತತೈತ’, ‘ತೈತತ’. ನಾಲ್ಕಾಯಿತು, ಗೆದ್ದೆವು ಅನ್ನುವಷ್ಟರಲ್ಲಿ ಮೂಲೆಯಿಂದ ಯಾರೋ ‘ತೈತೈ’ ಎನ್ನುತ್ತಾರೆ. ಐದು! ಆ ಗಳಿಗೆಯ ಮುಖಗಳನ್ನು ನೀವು ನೋಡಬೇಕಿತ್ತು.

ಐದು ಮಾತ್ರೆಗೆ 8, ಆರಕ್ಕೆ 13. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದ್ದು ಬರುತ್ತದೆ ಎಂದು ಯಾರಾದರೊಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಅಲ್ಲಿಗೆ ನಿಲ್ಲಿಸಬಾರದು. “ಯಾಕೆ ಹಾಗೆ?” ಎಂದು ಕೇಳಬೇಕು, ಕೇಳಿ ಬಾಯಿ ಮುಚ್ಚಿಕೊಂಡು ಕೂರಬೇಕು. ಟೀಚರುಗಳಿಗೆ ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಒಂದು ಸಲ ಮೂರು ದಿನ ಕಾದೆ. ನಾಲ್ಕನೇ ದಿನ ಒಬ್ಬಳು ಹುಡುಗಿ, ಎರಡನೇ ಕ್ಲಾಸಿನವಳು, ಐದು ಮಾತ್ರೆಯ ಕಡ್ಡಿಸಾಲುಗಳನ್ನು ಎರಡು ಗುಂಪು ಮಾಡಿ ಇಟ್ಟಳು. “ಟೀಚರೇ, ಇವುಗಳ ಕೊನೆಯಲ್ಲಿ ತ ಉಂಟು. ತ ತೆಗೆದರೆ ಉಳಿಯುವುದು ನಾಲ್ಕು ಮಾತ್ರೆಯ ಎಲ್ಲವೂ. ಇವುಗಳ ಕೊನೆಯಲ್ಲಿ ತೈ. ತೈ ತೆಗೆದರೆ ಮೂರರ ಎಲ್ಲವೂ. ಮತ್ತೆ ಬೇರೆ ಯಾವುದು ಉಂಟು?” ಬೇರೆ ಯಾವುದೂ ಇಲ್ಲ. ಐದು, ಮೂರು, ಒಟ್ಟು ಎಂಟು. ಗಣಿತದಲ್ಲಿ ಸಾಧನೆ ಅನ್ನುವುದು ಇದನ್ನೇ. ಅವಳಿಗೆ ಏಳರ ಮಗ್ಗಿ ಸರಿಯಾಗಿ ಬರುತ್ತಿರಲಿಲ್ಲ.

ಈ ಸಂಖ್ಯೆಗಳಿಗೆ ಲೋಕವೆಲ್ಲ ಫಿಬೊನಾಚಿಯ ಹೆಸರು ಹೇಳುತ್ತದೆ. ಇಟಲಿಯ ಆತನ ಪುಸ್ತಕ ಬಂದದ್ದು 1202ರಲ್ಲಿ. ಛಂದಸ್ಸಿನ ಲೆಕ್ಕ ಹಾಕುತ್ತ ವಿರಹಾಂಕ ಅದಕ್ಕೆ ಶತಮಾನಗಳ ಹಿಂದೆಯೇ ಇವನ್ನು ಹೇಳಿದ್ದ, ಸುಮಾರು 1150ರಲ್ಲಿ ಹೇಮಚಂದ್ರ ಮತ್ತೆ ಹೇಳಿದ. ನಮ್ಮ ಹೈಸ್ಕೂಲಿನ ಮಕ್ಕಳು ಮೂರು, ನಾಲ್ಕು, ಐದು ಮಾತ್ರೆಯ ಗಣ ಎಂದು ಪ್ರಸ್ತಾರ ಹಾಕುತ್ತಾರೆ, ಆದರೆ ಗಣಿತದ ಪೀರಿಯಡ್ಡಿಗೂ ಕನ್ನಡದ ಪೀರಿಯಡ್ಡಿಗೂ ನಡುವೆ ಗಂಟೆ ಹೊಡೆಯುತ್ತದಲ್ಲ, ಎರಡೂ ಒಂದನ್ನೊಂದು ಭೇಟಿಯಾಗುವುದಿಲ್ಲ. ಲಘು-ಗುರುವಿನಿಂದ ಶುರುವಾಗುವ ಗಣ ಕನ್ನಡದ ಕಿವಿಗೆ ಒಗ್ಗುವುದಿಲ್ಲ, ‘ತತೈ’ ಎಂಬುದನ್ನು ಲೆಕ್ಕದಿಂದ ಬಿಡಿ ಎಂದು ನನ್ನ ಪರಿಚಯದ ಕವಿಯೊಬ್ಬರು ತಕರಾರು ತೆಗೆದಿದ್ದರು. ಬಿಟ್ಟರೆ ಎಷ್ಟು ಉಳಿಯುತ್ತದೆ? ಅದೂ ಒಳ್ಳೆಯ ಆಟವೇ.

ನನ್ನ ತಪ್ಪೊಂದನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು. ಬೋರ್ಡಿನಲ್ಲಿ ಅವಸರದಲ್ಲಿ 5ರಿಂದ 3 ಕಳೆಯಿರಿ ಎನ್ನುವ ಬದಲು 3ರಿಂದ 5 ಕಳೆಯಿರಿ ಎಂದು ಬರೆದುಬಿಟ್ಟೆ. ಒಬ್ಬ ಹುಡುಗ ಸ್ಲೇಟಿನಲ್ಲಿ ‘2 ಸಾಲ’ ಎಂದು ಬರೆದು ತಂದ. ಅವನ ಮನೆಯಲ್ಲಿ ಅಡಿಕೆ ಕೊಯ್ಯುವ ಮೊದಲೇ ವ್ಯಾಪಾರಿಯಿಂದ ಮುಂಗಡ ತರುವ ರೂಢಿ ಇತ್ತು, ಕೊಟ್ಟದ್ದಕ್ಕಿಂತ ತಂದದ್ದು ಹೆಚ್ಚಾದರೆ ಏನಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ನಾನು ಅಡ್ಡಗೆರೆ ಎಳೆದು, “ಚಿಕ್ಕದರಿಂದ ದೊಡ್ಡದು ಕಳೆಯಲಿಕ್ಕೆ ಆಗುವುದಿಲ್ಲ,” ಎಂದೆ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಎಂದು ಹೆಸರಿಟ್ಟು ಅವುಗಳನ್ನು ಕೂಡಿಸುವ, ಕಳೆಯುವ, ಗುಣಿಸುವ ನಿಯಮ ಬರೆದಿದ್ದ. ಋಣ ಎಂದರೇನು? ಸಾಲ. ನಾವು ಇವತ್ತಿಗೂ ಋಣ ಸಂಖ್ಯೆ ಎಂದೇ ಕಲಿಸುತ್ತೇವೆ. ಹುಡುಗ ತುಳುವಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದದ್ದು ಅದೇ ಪದದ ಅರ್ಥ. ನನಗದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಹೋಗಿ ಆಗಿತ್ತು.

ಇಷ್ಟು ಹೇಳಿದೆನೆಂದು ಆರು ವರ್ಷದ ಮಗುವನ್ನು ಕೂರಿಸಿ ಕೋಚಿಂಗ್ ಕೊಡಲು ಹೊರಡಬೇಡಿ. ಮಗು ಎದ್ದುಹೋದರೆ ಆಟ ಮುಗಿಯಿತು, ಕೂಗಿ ಕರೆಯಬೇಡಿ. ಬಹುಮಾನದ ಚಾಕಲೇಟಂತೂ ಬೇಡವೇ ಬೇಡ, ಆಮೇಲೆ ಅದು ಚಾಕಲೇಟಿನ ಲೆಕ್ಕವೇ ಆಗುತ್ತದೆ.

ಮಳೆಗಾಲಕ್ಕೆ ಇನ್ನೊಂದು. ಒಂದು ಚೌಕ ಬರೆದು ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಿರಿ. ಇದನ್ನು ಕೈ ಎತ್ತದೆ, ಎಳೆದ ಗೆರೆಯನ್ನು ಮತ್ತೆ ಎಳೆಯದೆ ಬರೆಯಲು ಆಗುವುದಿಲ್ಲ. ಅದರ ಮೇಲೊಂದು ಮಾಡು ಹಾಕಿ, ಮನೆಯ ಹಾಗೆ. ಈಗ ಆಗುತ್ತದೆ! ಆದರೆ ಕೆಳಗಿನ ಎರಡು ಮೂಲೆಗಳಲ್ಲಿ ಒಂದರಿಂದಲೇ ಶುರುಮಾಡಬೇಕು. ಒಂದೊಂದು ಮೂಲೆಗೆ ಎಷ್ಟು ಗೆರೆ ಬಂದು ಸೇರುತ್ತವೆ ಎಂದು ಮಗು ಎಣಿಸಿ ನೋಡಲಿ. ಕೋನಿಗ್ಸ್‌ಬರ್ಗ್ ಎಂಬ ಊರಿನ 7 ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಬಹುದೇ ಎಂಬ ಪ್ರಶ್ನೆಯನ್ನು ಆಯ್ಲರ್ 1736ರಲ್ಲಿ ಬಿಡಿಸಿದ್ದು ಇದೇ ಎಣಿಕೆಯಿಂದ. ಚುಕ್ಕಿ ಸುತ್ತ ಗೆರೆ ಬಳಸುವ ರಂಗೋಲಿ ಹಾಕುವವರ ಬೆರಳಿಗೆ ಇದು ಮೊದಲೇ ಗೊತ್ತು.

ರೇಡಿಯೋದ ಹತ್ತಿರ ಮಕ್ಕಳಿದ್ದರೆ ಹಳೆಯ ಪೇಪರಿನಿಂದ ಬೆರಳಗಲದ ಒಂದು ಉದ್ದ ಪಟ್ಟಿ ಕತ್ತರಿಸಿ. ಬಳೆಯ ಹಾಗೆ ಬಗ್ಗಿಸಿ, ಅಂಟಿಸುವ ಮೊದಲು ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ. ಗಮ್ ಇಲ್ಲದಿದ್ದರೆ ನಾಲ್ಕು ಅಗುಳು ಅನ್ನ ಸಾಕು. ಬೆರಳಿಟ್ಟು ಹೋಗಿ ನೋಡಿ, ಆ ಬಳೆಗೆ ಒಳಗು-ಹೊರಗು ಇಲ್ಲ, ಇರುವುದು ಒಂದೇ ಮೈ. ಜರ್ಮನಿಯ ಮೋಬಿಯಸ್ ಮತ್ತು ಲಿಸ್ಟಿಂಗ್ 1858ರಲ್ಲಿ ಬೇರೆಬೇರೆಯಾಗಿ ಇದನ್ನು ಕಂಡವರು. ಈಗ ನಡುವೆ ಉದ್ದಕ್ಕೆ ಕತ್ತರಿಸಿದರೆ ಎರಡು ಬಳೆ ಬರಬೇಕಲ್ಲ? ಬರುವುದಿಲ್ಲ, ಒಂದೇ ದೊಡ್ಡ ಬಳೆಯಾಗುತ್ತದೆ. ಇನ್ನೊಂದು ಪಟ್ಟಿ ಮಾಡಿ, ಈ ಸಲ ನಡುವೆ ಬೇಡ, ಅಂಚಿನಿಂದ ಮೂರರಲ್ಲೊಂದು ಪಾಲು ಬಿಟ್ಟು ಕತ್ತರಿಸುತ್ತ ಹೋಗಿ. ಕತ್ತರಿ ಮಗುವಿನ ಕೈಯಲ್ಲೇ ಇರಲಿ. ಏನು ಬರುತ್ತದೆಂದು ನಾನು ಹೇಳುವುದಿಲ್ಲ.

ನಮಸ್ಕಾರ.